ಕಳೆಗೆ ಕಾವಲು

ಅಕ್ಕಾ,

ಕೆಲಸಕ್ಕೆ ಸೇರಿ ತಿಂಗಳು ತುಂಬುವ ಮೊದಲೇ ಜಗಳವಾಡಿದ್ದೇನೆ. ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ಕೇಳು. ಬೇಸಿಗೆಯ ಮೊದಲ ಮಳೆ ಮೂರು ದಿನ ಸುರಿದದ್ದೇ ತಡ, ನಾನು ನೋಡಿಕೊಳ್ಳುವ ಈ ತೋಟದ ಮನೆಯ ಹಿಂದಿನ ಬಯಲೆಲ್ಲ ಹಳದಿ, ನೇರಳೆ ಕಾಡುಹೂವು. ಜೇನುನೊಣಗಳ ಸದ್ದು ಅಡುಗೆಮನೆಯವರೆಗೂ ಕೇಳಿಸುತ್ತದೆ.

ಇವತ್ತು ಬೆಳಿಗ್ಗೆ ಮ್ಯಾನೇಜರು ಹುಲ್ಲು ಕತ್ತರಿಸುವ ಯಂತ್ರ ತಂದ. ಭಾನುವಾರ ಯಜಮಾನರು ಬರುತ್ತಾರಂತೆ, ಬಯಲು ಚೊಕ್ಕಟವಾಗಿರಬೇಕಂತೆ. ನಾನು ಸ್ಟೂಲು ತಂದು ಯಂತ್ರದ ಮುಂದೆಯೇ ಕುಳಿತೆ.

“ಏಳಿ ಅಮ್ಮ, ಇದೆಲ್ಲ ಬರೀ ಕಳೆ.”

“ಆ ಮಾತನ್ನ ಜೇನುನೊಣಕ್ಕೆ ಹೇಳಿ ಒಪ್ಪಿಸಿ. ಅವು ಹೂಂ ಅಂದ್ರೆ ಏಳ್ತೀನಿ.”

“ಕೆಲಸ ಹೋಗುತ್ತೆ ನೋಡಿ.”

“ಹೋಗ್ಲಿ. ಹೂ ಬೀಜ ಕಟ್ಟೋವರೆಗೂ ನಾನಂತೂ ಹೋಗಲ್ಲ.”

ಅವನು ಯಂತ್ರ ಚಾಲೂ ಮಾಡಿದ. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ, ಆದರೂ ಸ್ಟೂಲು ಬಿಟ್ಟು ಕದಲಲಿಲ್ಲ. ಕೊನೆಗೆ ಅದನ್ನು ಆರಿಸಿ, ಯಜಮಾನರಿಗೆ ಫೋನು ಮಾಡಿ, ವಿಷಯ ಹೇಳಿ, ನನ್ನ ಕೈಗೆ ಕೊಟ್ಟ.

“ಹೂ ಬೀಜ ಕಟ್ಟೋಕೆ ಎಷ್ಟು ದಿನ ಬೇಕು?” ಎಂದರು ಯಜಮಾನರು.

“ನಾಲ್ಕು ವಾರ.”

“ಎರಡು ವಾರ ಕೊಡ್ತೀನಿ.”

“ಚೌಕಾಸಿ ಮಾಡೋಕೆ ನಾನೇನು ಹೂ ಮಾರ್ತಿದೀನಾ? ನಾಲ್ಕು ಅಂದ್ರೆ ನಾಲ್ಕು.”

“ಸರಿ” ಎಂದರು ಯಜಮಾನರು. ಮ್ಯಾನೇಜರು ಯಂತ್ರ ತಳ್ಳಿಕೊಂಡು ಹೊರಟುಹೋದ.

ಜೇನು ಕಚ್ಚಿ ಬಲಗೈ ಊದಿದೆ. ಅಕ್ಷರ ಸೊಟ್ಟಗಿರುವುದು ಅದಕ್ಕೆ, ಹೆದರಿಕೆಗಲ್ಲ. ಮೊಣಕಾಲಿನ ಮುಲಾಮು ಮುಗಿದಿದೆ, ಕಳಿಸು. ಜೊತೆಗೆ ಬುದ್ಧಿಮಾತು ಕಳಿಸಬೇಡ.

ನಿನ್ನ ಮೊಂಡು ತಂಗಿ