ಬಯ್ಯಪ್ಪನ ಹೆಸರಿನ ಪಾರಿತೋಷಕ

ಚಿಂತಾಮಣಿ
೯ ಫೆಬ್ರವರಿ ೧೯೬೪

ಕಾಲ್ನಡಿಗೆ ಸಂಘದ ಅಧ್ಯಕ್ಷರಾದ ವೆಂಕಟರಾಮಪ್ಪನವರಿಗೆ,

ಬಯ್ಯಪ್ಪನ ನೆನಪಿಗೆ ನಡಿಗೆಯ ಪಂದ್ಯವಿಟ್ಟು, ಮೊದಲು ಬಂದವರಿಗೆ ಅವನ ಹೆಸರಿನ ಪಾರಿತೋಷಕ ಕೊಡುವಿರೆಂದು ತಿಳಿಯಿತು. ದಯವಿಟ್ಟು ಕೈಬಿಡಿ.

ಸಂಘ ಕಟ್ಟಿದಂದಿನಿಂದ ಬಯ್ಯಪ್ಪ ಎಲ್ಲರಿಗಿಂತ ಹಿಂದೆ ನಡೆದವನು, ಸುಸ್ತಾದವರ ಚೀಲ ಹೊತ್ತು ಅವರನ್ನು ಕರೆತರುವುದಕ್ಕೆ. ಅವನು ಬಂದನೆಂದರೆ ಎಲ್ಲರೂ ಬಂದರೆಂದು ಅರ್ಥ. ಅಲ್ಲಿಯವರೆಗೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ.

ಕಳೆದ ತಿಂಗಳು ನೀವು ನಡಿಗೆಯನ್ನು ಪಂದ್ಯ ಮಾಡಿದಿರಿ. ಬಯ್ಯಪ್ಪ ಎಲ್ಲಿ ಎಂದು ನಾನು ಕೇಳಿದರೆ, "ಬಸ್ ಹತ್ತಿರ್ತಾನೆ ಬಿಡಿ ಮೇಷ್ಟ್ರೇ, ಹೊಟ್ಟೆ ಹಸೀತೈತೆ" ಎಂದು ಎಲೆ ಹಾಕಿಸಿದಿರಿ. ಅವನು ಅಂಬಾಜಿದುರ್ಗದ ತಿರುವಿನಲ್ಲಿ ಎದೆ ಹಿಡಿದು ಕುಳಿತಿದ್ದ. ಮರುದಿನ ದನ ಕಾಯುವವರು ಹೆಣ ಕಂಡರು.

ನಿಮ್ಮ ಆಹ್ವಾನ ಪತ್ರಿಕೆಯನ್ನು ಅವನ ಹೆಂಡತಿ ಆಂಜಿನಮ್ಮನಿಗೆ ನಾನೇ ಓದಿ ಹೇಳಬೇಕಾಯಿತು. "ಮುಂದೆ ಬಂದೋರಿಗೆ ಅವ್ರ ಹೆಸರ್ಯಾಕೆ ಸ್ವಾಮಿ? ನಮ್ಮನೇರು ಯಾವತ್ತೂ ಯಾರನ್ನೂ ಬಿಟ್ಟು ಮುಂದೆ ಹೋದೋರಲ್ಲ" ಎಂದಳು. ಆ ಪ್ರಶ್ನೆಯನ್ನು ಅವಳ ಮಾತಿನಲ್ಲೇ ನಿಮಗೆ ಬರೆದಿದ್ದೇನೆ.

ಇನ್ನು ನಡೆಯುವ ಮನಸ್ಸು ನನಗೆ ಉಳಿದಿಲ್ಲ. ಸಂಘದಿಂದ ನನ್ನ ಹೆಸರು ತೆಗೆದುಹಾಕಿ. ಉತ್ತರವನ್ನು ನೀವೇ ಆಂಜಿನಮ್ಮನಿಗೆ ಹೇಳಿಬನ್ನಿ. ಅವಳ ಮನೆ ನಿಮ್ಮ ಮನೆಯಿಂದ ದೂರವೇನಿಲ್ಲ, ನಡೆದೇ ಹೋಗಬಹುದು.

ನಿಮ್ಮೊಡನೆ ಇಷ್ಟು ದೂರ ನಡೆದ,
ಆವಲಪ್ಪ