ಎಡಗೈ ಸಹಿ

ಸಿಂಗಸಂದ್ರ, ಬೆಂಗಳೂರು
೧೯ ಆಗಸ್ಟ್ ೨೦೧೨

ಪ್ರೀತಿಯ ತಂಗಿ ಸವಿತಾಗೆ,

ನಿನಗೂ ಮಕ್ಕಳಿಗೂ ಅಕ್ಕನ ಆಶೀರ್ವಾದ. ನಾನು ಆರಾಮಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಸಿಟ್ಟಾಗಬೇಡ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಯಲ್ಲಿ ಫೋನ್ ಎತ್ತಿದರೆ ಸುತ್ತ ಮಂದಿ ಕೂತಿರುತ್ತಾರೆ. ನನಗೆ ನಿನ್ನೊಬ್ಬಳ ಜೊತೆ ಮಾತಾಡಬೇಕಿತ್ತು.

ಮೊದಲು ಸಂತೋಷದ ಸುದ್ದಿ. ನನ್ನ ಕೋಣೆಯ ಗೋಡೆಗೆ ಒಂದು ಚಿತ್ರ ಬಂದಿದೆ. ಮುಂದೆ ಕಿತ್ತಳೆ ಕನಕಾಂಬರ, ಹಳದಿ ಸೇವಂತಿಗೆ. ಅವುಗಳ ಹಿಂದೆ ಸಮುದ್ರದ ದಂಡೆಯ ಊರು, ಗುಡ್ಡ ಹತ್ತಿದ ಮನೆಗಳು, ಒಂದು ಹಡಗು. ಕೆಳಗೆ ಪೆನ್ಸಿಲ್ಲಿನಲ್ಲಿ ಎರಡು ಸಹಿ. ಒಂದು ಯಮುನಕ್ಕನದು. ಇನ್ನೊಂದು ನಿನ್ನ ಅಕ್ಕನದು!

ಯಮುನಕ್ಕ ನಮ್ಮ ಮನೆ ಮಾಲೀಕರಾದ ಚಿಕ್ಕಬೈರಪ್ಪನವರ ಮಗಳು. ಚಿತ್ರಕಲೆ ಓದಿದವರು. ಬಾಡಿಗೆ ಮನೆಗಳ ಹಿಂದಿನ ಶೆಡ್ಡಿನಲ್ಲಿ ಸ್ಕ್ರೀನ್ ಪ್ರಿಂಟ್ ಮಾಡುತ್ತಾರೆ. ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಯ ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಎಳೆದರೆ ಕೆಳಗಿನ ಕಾಗದಕ್ಕೆ ಚಿತ್ರ ಇಳಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು. ನಾನು ಒಂದು ಚೀಲ ಹಿಡಿದು ಇಲ್ಲಿಗೆ ಬಂದ ಹೊಸದರಲ್ಲಿ ಅವರು, "ಬಣ್ಣ ಕಲಸೋಕೆ ಬರ್ತೀಯಾ?" ಎಂದು ಕೇಳಿದರು, ಅಷ್ಟೇ. ಒಬ್ಬಳೇ ಯಾಕೆ ಬಂದೆ ಎಂದು ಇವತ್ತಿನವರೆಗೂ ಕೇಳಿಲ್ಲ. ಅದಕ್ಕೇ ನಾನು ಇಲ್ಲಿ ಉಳಿದೆ ಸವಿತಾ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ತಿರುಗಿ ಬಂತು, ಬಲಗೈ ಮಾತ್ರ ಬರಲಿಲ್ಲ. ಆ ಹೊತ್ತಿಗೆ ಈ ಚಿತ್ರ ಬರೆದು ಮುಗಿಸಿ, ಚೌಕಟ್ಟುಗಳನ್ನೂ ಸಿದ್ಧ ಮಾಡಿದ್ದರು. ಅಚ್ಚು ತೆಗೆಯುವುದೊಂದೇ ಬಾಕಿ. ಚಿತ್ರದ ಹಿಂಬದಿಯ ಊರು ಅವರು ಹರೆಯದಲ್ಲಿ ಕೆಲಸ ಮಾಡಿದ ವಿಶಾಖಪಟ್ಟಣ. ಮುಂದಿನ ಹೂವು ಅವರ ಅಪ್ಪನ ಹೊಲದ್ದು. ಆ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ನಿಂತಿದೆ.

"ನೀನೇ ತೆಗಿ. ನಾನು ಪಕ್ಕದಲ್ಲಿ ಕೂತಿರ್ತೀನಿ," ಎಂದರು.

ಅದುವರೆಗೆ ನಾನು ಬಣ್ಣ ಕಲಸಿದವಳು, ಕಾಗದ ಒಣಗಿಸಿದವಳು. ಪಟ್ಟಿ ಹಿಡಿದು ಎಳೆದವಳಲ್ಲ. ಮೊದಲ ಹಾಳೆಗಳಲ್ಲಿ ಹೂವು ದಂಟು ಬಿಟ್ಟು ಪಕ್ಕಕ್ಕೆ ಸರಿದುಹೋದವು. ನನಗೆ ಅಳು ಬಂತು. "ಅಕ್ಕಾ, ಎಲ್ಲಾ ಹಾಳಾತ್ರೀ," ಎಂದೆ. ಯಮುನಕ್ಕ ನಕ್ಕುಬಿಟ್ಟರು. "ಸಮುದ್ರದ ಗಾಳಿ ಬೀಸ್ತು ಅನ್ಕೋ. ಇನ್ನೊಂದು ಹಾಳೆ ಇಡು." ಹೀಗೇ ಇಡಿಸಿ, ತೆಗೆಸಿ, ಬೈದು, ನಗಿಸಿ ನನ್ನಿಂದ ಅಚ್ಚು ಹಾಕಿಸಿದರು. ಕೊನೆಗೆ ಹೂವುಗಳು ತಮ್ಮ ದಂಟಿನ ಮೇಲೆ ಕೂತವು. ಇತ್ತ ಅವರು ಎಡಗೈಯಲ್ಲಿ ಹೆಸರು ಬರೆಯುವುದನ್ನು ರೂಢಿ ಮಾಡಿಕೊಂಡರು. ಒಂದನೇ ಇಯತ್ತೆಯ ಮಗು ಬರೆದಂತೆ ಸೊಟ್ಟ ಅಕ್ಷರ.

ಚಿತ್ರಗಳನ್ನು ಪ್ರದರ್ಶನಕ್ಕೆ ಒಯ್ಯಲು, ಅವನ್ನು ಮಾರಿಕೊಡುವ ಶಿವಶಂಕರ್ ಎಂಬವರು ಬಂದರು. ಸಹಿ ನೋಡಿ ತಲೆ ಕೆರೆದುಕೊಂಡರು.

"ಮೇಡಂ, ಹಳೇ ಸಹಿ ಥರ ಇಲ್ಲ. ತಗೊಳ್ಳೋರು ಅನುಮಾನ ಪಡ್ತಾರೆ. ಹಳೇ ಸಹೀದೇ ಒಂದು ಸ್ಟಾಂಪ್ ಮಾಡಿಸ್ಬಿಡೋಣ್ವಾ?"

ಯಮುನಕ್ಕನ ಮುಖ ಕೆಂಪಾಯಿತು. "ಆ ಕೈ ಹೋಯ್ತು ಶಿವಶಂಕರ್. ಈಗ ಇರೋದು ಇದು. ಇದೂ ನಂದೇ ಕಣ್ರೀ. ಇನ್ನೊಂದು ಮಾತು, ಅಚ್ಚು ತೆಗೆದೋಳು ಇವಳು. ಪಕ್ಕದಲ್ಲಿ ಇವಳ ಹೆಸರೂ ಇರುತ್ತೆ. ಬೇಕಿದ್ರೆ ತಗೊಂಡೋಗಿ, ಇಲ್ದಿದ್ರೆ ಇಲ್ಲೇ ಇರ್ಲಿ."

ನಾನು ಹಿಂದೆ ಸರಿದೆ. "ಬ್ಯಾಡ್ರೀ ಅಕ್ಕಾ. ಚಿತ್ರ ನಿಮ್ಮದು, ನನ್ನ ಹೆಸರ ಯಾಕ?"

ಬಾಗಿಲಲ್ಲಿ ನಿಂತಿದ್ದ ಚಿಕ್ಕಬೈರಪ್ಪನವರು ಸುಮ್ಮನಿರಲಿಲ್ಲ. "ಸಯಿ ಆಕವ್ವ. ನಮ್ಮುಡ್ಗಿ ಏಳ್ತಾವ್ಳೆ. ಅಂಗೇ ನಿಂತ್ಕಂಡ್ರೆ ಪೆನ್ಸಿಲ್ಲು ತಾನಾಗೇ ಬರದಾತಾ?"

ಬರೆದೆ. ನೋಡಿದರೆ ನನ್ನ ಅಕ್ಷರಕ್ಕಿಂತ ಯಮುನಕ್ಕನ ಎಡಗೈ ಅಕ್ಷರವೇ ನೆಟ್ಟಗಿತ್ತು. ಶಿವಶಂಕರ್ ಎರಡೂ ಸಹಿ ನೋಡಿದರು. ಆಮೇಲೆ ಹಾಳೆಗಳನ್ನು ಒಂದೊಂದಾಗಿ ಕಟ್ಟಿಕೊಂಡರು. ಪ್ರದರ್ಶನದ ದಿನ ಯಮುನಕ್ಕ ನನ್ನನ್ನೂ ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಹೋದರು. ಯಾರೇ ಬಂದು ಮಾತಾಡಿಸಿದರೂ "ಇವಳು ಮಹಾನಂದಾ" ಎಂದೇ ಮಾತು ಶುರು ಮಾಡುತ್ತಿದ್ದರು. ಮರಳಿ ಬಂದ ಮೇಲೆ ಒಂದು ಹಾಳೆಗೆ ಕಟ್ಟು ಹಾಕಿಸಿ ನನಗೇ ಕೊಟ್ಟರು.

ನಾನು ಸಮುದ್ರ ನೋಡಿಲ್ಲ. ಆದರೆ ಬೆಳಿಗ್ಗೆ ಚಹಾ ಕುಡಿಯುತ್ತಾ ಅದರ ಮುಂದೆ ಕೂತರೆ, ಈ ಮನೆಯವರ ಋಣ ಯಾವ ಜನ್ಮದ್ದೋ ಎನಿಸುತ್ತದೆ. ನೀನೂ ಒಮ್ಮೆ ಬಂದು ನೋಡು. ಮಕ್ಕಳನ್ನು ಕರೆದುಕೊಂಡು ಬಾ. ಓದು ಚೆನ್ನಾಗಿ ಹತ್ತಲಿ ಅವಕ್ಕೆ, ನಿನ್ನ ಒಲೆ ಯಾವಾಗಲೂ ಉರಿಯುತ್ತಿರಲಿ.

ನಿನ್ನ ಅಕ್ಕ,
ಮಹಾನಂದಾ

ತಾ.ಕ.: ಹೋದ ವರ್ಷ ಅವ್ವ ತೀರಿಕೊಂಡ ಸುದ್ದಿಯನ್ನು ನೀವು ಮಣ್ಣು ಮಾಡಿದ ಮೇಲೆ ತಿಳಿಸಿದಿರಿ. ಗಂಡನನ್ನು ಬಿಟ್ಟು ಹೋದವಳು ಬಂದರೆ ಮಂದಿಯ ಮುಂದೆ ಮಾತಾಗುತ್ತದೆ ಎಂದು ಅಣ್ಣ ಬೇಡವೆಂದನಂತೆ. ಇರಲಿ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ಒಂದು ಕೇಳುತ್ತೇನೆ. ಕಡೆಗಾಲದಲ್ಲಿ ಅವ್ವ ನನ್ನನ್ನು ಕೇಳಿದಳೇ? ಕೇಳಿರದಿದ್ದರೆ ಕೇಳಲಿಲ್ಲ ಎಂದೇ ಬರೆ. ನನಗೆ ಸಮಾಧಾನವಾಗಲೆಂದು ಸುಳ್ಳು ಬರೆಯಬೇಡ.