ರಿಪೇರಿಯೋ, ಹೊಸದೋ

ಶನಿವಾರ ಸಂಜೆ, ನವೆಂಬರ್ ೧೪

ಅಕ್ಕಾ,

ಇವತ್ತು ಬೆಳಿಗ್ಗೆ ನನ್ನ ಕೆಟಲ್‌ನ ದೀಪ, ನೀರು ಉಗುರುಬೆಚ್ಚಗಾಗುವ ಮೊದಲೇ ಆರಿಹೋಯಿತು. ಕೊಂಡು ಇನ್ನೂ ತಿಂಗಳಾಗಿಲ್ಲ. ನೀನಾಗಿದ್ದರೆ ಅಂಗಡಿಯವರ ಜನ್ಮ ಜಾಲಾಡಿ ಬರುತ್ತಿದ್ದೆ. ನಾನೋ, ಬಸ್ಸಿನಲ್ಲಿ ನನ್ನ ಕಾಲು ತುಳಿದವರಿಗೇ ಸಾರಿ ಹೇಳುವವಳು. ಆದರೂ ನಿಜ ಹೇಳಲಾ? ಒಳಗೊಳಗೇ ಖುಷಿಯಾಯಿತು.

ಜರ್ಮನಿಗೆ ಬಂದ ನಮ್ಮಂಥವರ ಭಾಷಾ ತರಗತಿಯಲ್ಲಿ ಈಗ ಗ್ರಾಹಕರ ಹಕ್ಕಿನ ಪಾಠ. ಇದು ಕೆಟ್ಟಿದೆ, ರಸೀದಿ ಇಲ್ಲಿದೆ, ಇದು ನನ್ನ ಹಕ್ಕು: ದಾಸ್ ಇಸ್ಟ್ ಮೈನ್ ರೆಷ್ಟ್. ಮೇಷ್ಟ್ರು ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರು ಅಂಗಡಿಯವರು, ಇನ್ನೊಬ್ಬರು ಗ್ರಾಹಕರು ಅಂತ ಜಗಳ ಆಡಿಸುತ್ತಾರೆ. ಜೋಡಿಯಿಲ್ಲದೆ ಉಳಿಯುವವಳು ನಾನು. ಅದಕ್ಕೇ ಸಂಜೆ ಕೋಣೆಗೆ ಬಂದು ಎರಡೂ ಪಾತ್ರ ನಾನೇ ಮಾಡುತ್ತೇನೆ. ಅಂಗಡಿಯವನಿಗೆ ದಪ್ಪ ದನಿ.

ಮೊನ್ನೆ ಪಕ್ಕದ ಕೋಣೆಯ ಅಜ್ಜಿ ಮೆಟ್ಟಿಲಲ್ಲಿ ನಿಲ್ಲಿಸಿ, ದಿನಾ ಸಂಜೆ ನಿನ್ನ ಹತ್ರ ಜಗಳಕ್ಕೆ ಬರೋನು ಯಾರಮ್ಮ, ಒಂದಿನಾನೂ ಕಣ್ಣಿಗೆ ಬೀಳಲಿಲ್ಲವಲ್ಲ ಅಂದರು. ಸ್ನೇಹಿತ ಅಂದುಬಿಟ್ಟೆ. ಅಮ್ಮನಿಗೂ ಫೋನಿನಲ್ಲಿ, ಸಂಜೆ ಆದ್ರೆ ಸಾಕು, ರೂಮ್ ತುಂಬಾ ಜನ ಅಂತ ಹೇಳಿದ್ದೇನಲ್ಲ, ಆ ಜನ ಅಂದರೆ ನಾನು ಆಡಿಸುವ ಈ ಅಂಗಡಿಯವನು, ಗ್ರಾಹಕಿ, ಇಬ್ಬರೇ ಅಕ್ಕಾ. ನನ್ನ ಕೆಲಸವೋ, ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪುಸ್ತಕ ಜೋಡಿಸುವುದು; ಅದಕ್ಕೆ ಮಾತೇ ಬೇಕಾಗಿಲ್ಲ.

ಇವತ್ತು ಕೆಟಲ್, ರಸೀದಿ ಹಿಡಿದು ಅಂಗಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಗಲ್ಲಾದ ಹೆಂಗಸು ಕೆಟಲ್ ಹಚ್ಚಿ ನೋಡಿ, ಹಿಂದಿನಿಂದ ಹೊಸ ಪೆಟ್ಟಿಗೆ ತೆಗೆದು ನನ್ನ ಮುಂದಿಟ್ಟಳು. ಬಾಯಿಪಾಠ ಮಾಡಿದ್ದ ಜಗಳವೆಲ್ಲ ದಂಡವಾಯಿತು. ಪೆಟ್ಟಿಗೆ ತೆಗೆದುಕೊಂಡರೆ ಮುಗಿಯಿತು, ಮತ್ತೆ ಸೋಮವಾರದವರೆಗೆ ನಾಲ್ಕು ಗೋಡೆ. ಆಗ ಮೇಷ್ಟ್ರು ಹೇಳಿದ್ದು ನೆನಪಾಯಿತು. ರಿಪೇರಿಯೋ, ಹೊಸದೋ, ಆರಿಸುವವರು ಕೊಂಡವರು.

ಇದನ್ನೇ ರಿಪೇರಿ ಮಾಡಿಕೊಡಿ, ಅದು ನನ್ನ ಹಕ್ಕು ಅಂದೆ. ಆಕೆ ಕನ್ನಡಕ ಹಣೆಗೇರಿಸಿ, ತಲೆ ಕೆಟ್ಟಿದೆಯಾ, ಹೊಸದೇ ಕೊಡ್ತಾ ಇದೀನಿ, ರಿಪೇರಿಗೆ ಎರಡು ವಾರ ಆಗುತ್ತೆ, ಮತ್ತೆ ಬರಬೇಕಾಗುತ್ತೆ ನೋಡು ಅಂದಳು. ಬರ್ತೀನಿ ಅಂದೆ. ನಕ್ಕುಬಿಟ್ಟಳು. ಹೆಸರು ಬರೆದುಕೊಳ್ಳಲು ಎರಡೆರಡು ಸಲ ಕೇಳಿ, ತಾನೂ ಹೇಳಿ ನೋಡಿದಳು. ಇಲ್ಲಿಗೆ ಬಂದಮೇಲೆ ನನ್ನ ಹೆಸರು ಇನ್ನೊಬ್ಬರ ಬಾಯಲ್ಲಿ ಅಷ್ಟು ಹೊತ್ತು ಇದ್ದದ್ದೇ ಇಲ್ಲ.

ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಬೇಡ.

ನಿನ್ನ
ಗುಮ್ಮನಗುಸಕಿ

ಮರೆತಿದ್ದೆ: ಎರಡು ವಾರ ಬಿಸಿನೀರಿಗೇನು ಮಾಡ್ತೀಯೇ ಅಂತ ನೀನು ಬೈಯುತ್ತೀಯ. ನನ್ನ ಕೋಣೆಯಲ್ಲಿ ಒಲೆಯಿಲ್ಲ, ಪಕ್ಕದ ಅಜ್ಜಿಯ ಹತ್ತಿರ ಇದೆ. ಕೇಳುವ ವಾಕ್ಯ ಪಾಠದಲ್ಲಿರಲಿಲ್ಲ, ನಾನೇ ಕಟ್ಟಿಕೊಂಡಿದ್ದೇನೆ. ಈ ಕಾಗದ ಅಂಟಿಸಿ, ಪಾತ್ರೆ ಹಿಡಿದು ಹೋಗಿ ಬಾಗಿಲು ತಟ್ಟುತ್ತೇನೆ. ಜಗಳಕ್ಕೆ ಬರೋನು ಯಾರು ಅಂತ ಮತ್ತೆ ಕೇಳಿದರೆ, ನಾನೇ ಅಂತ ಹೇಳಿ, ದಪ್ಪ ದನಿಯಲ್ಲಿ ಮಾತಾಡಿಯೂ ತೋರಿಸುತ್ತೇನೆ.